ನೆಲದ ನಕ್ಷೆ ಮೊದಲು, ಕಟ್ಟಡದ ನಕ್ಷೆ ಆಮೇಲೆ: ನಮ್ಮ ಭಾಗದಲ್ಲಿ ವಿಶ್ವವಿದ್ಯಾಲಯದ ಆವರಣ ಯೋಜಿಸುವ ಬಗೆ

ವಿಶ್ವವಿದ್ಯಾಲಯಕ್ಕೆ ಜಾಗ ಮಂಜೂರಾದ ಮೇಲೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಕೆಲಸ ಸಾಗುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಜೆಸಿಬಿ ಬಂದು ಉಬ್ಬುತಗ್ಗುಗಳನ್ನು ಸಮ ಮಾಡುತ್ತದೆ. ಆಮೇಲೆ ಆಡಳಿತ ಕಟ್ಟಡ, ಅದರ ಮುಂದೆ ಅಗಲವಾದ ಡಾಂಬರು ರಸ್ತೆ, ಸುತ್ತಲೂ ಪಾಗಾರ. ಗಿಡಮರದ ಮಾತು ಬರುವುದು ಉದ್ಘಾಟನೆಯ ದಿನ ಹತ್ತಿರವಾದಾಗ. ಅಳಿದುಳಿದ ಹಣದಲ್ಲಿ ಒಂದಿಷ್ಟು ಹುಲ್ಲುಹಾಸು, ಎರಡು ಸಾಲು ಅಲಂಕಾರದ ತಾಳೆ ಹಾಕಿ ಮುಗಿಸುತ್ತಾರೆ. ಆ ಹೊತ್ತಿಗೆ ಮಳೆನೀರಿನ ದಾರಿ ಮುಚ್ಚಿಹೋಗಿರುತ್ತದೆ, ನೂರು ವರ್ಷದ ಹುಣಸೆಮರ ಉರುಳಿರುತ್ತದೆ, ಪಶ್ಚಿಮಕ್ಕೆ ಮುಖ ಮಾಡಿದ ತರಗತಿಗಳು ಏಪ್ರಿಲ್ ಮಧ್ಯಾಹ್ನ ಕಾದು ನಿಂತಿರುತ್ತವೆ. ಇವು ಯಾವುವೂ ಆಮೇಲೆ ಸರಿಪಡಿಸಿಕೊಳ್ಳಬಹುದಾದ ತಪ್ಪುಗಳಲ್ಲ.

ಇದೇ ಹೊತ್ತಿನಲ್ಲಿ ಇದನ್ನು ಬರೆಯಲು ಕಾರಣವಿದೆ. ಧಾರವಾಡದ ಐಐಟಿ ಮತ್ತು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಎರಡೂ 2016ರಲ್ಲಿ ಆರಂಭವಾದವು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬಂತು. ಇವಲ್ಲದೆ ಖಾಸಗಿ ಸಂಸ್ಥೆಗಳು ಊರ ಹೊರಗೆ ಹತ್ತಾರು ಎಕರೆ ಕೊಂಡು ಕಾಲೇಜು ಕಟ್ಟುತ್ತಿವೆ. ಆಡಳಿತ ಮಂಡಳಿಯ ಸದಸ್ಯರು, ಪ್ರಾಚಾರ್ಯರು, ಸಿವಿಲ್ ಎಂಜಿನಿಯರುಗಳು, ವಾಸ್ತುಶಿಲ್ಪ ಓದುತ್ತಿರುವ ಹುಡುಗ ಹುಡುಗಿಯರು ಇವರೆಲ್ಲ ಕೆಲಸದ ಕ್ರಮವನ್ನೇ ತಿರುಗಿಸಬೇಕು ಎಂಬುದು ನನ್ನ ಕಳಕಳಿ. ನೀರು, ಮಣ್ಣು, ನೆರಳು ಮೊದಲು ನಿರ್ಧಾರವಾಗಲಿ. ಅವು ಬಿಟ್ಟುಕೊಟ್ಟ ಜಾಗದಲ್ಲಿ ಕಟ್ಟಡ ಕೂಡಲಿ.

ಮೊದಲ ಹೆಜ್ಜೆ: ಒಂದು ಮಳೆಗಾಲ ಜಾಗವನ್ನು ನೋಡಿ

ಬೇಸಿಗೆಯಲ್ಲಿ ನೋಡಿದ ಜಾಗ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಜುಲೈನಲ್ಲಿ ಹೋಗಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮಗ್ಗುಲಿನಿಂದ ಗಾಳಿ ಮಳೆಯನ್ನು ಹೊಡೆದು ತರುತ್ತದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಹೋಗುವಾಗ ಆ ಹೊಲ ಉಳುತ್ತಿದ್ದ ರೈತರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಪಟ್ಟಿ ಜೌಗು, ಯಾವ ಬಾವಿ ಏಪ್ರಿಲ್‌ನಲ್ಲೂ ಬತ್ತುವುದಿಲ್ಲ, ಯಾವ ಒಡ್ಡು ಪ್ರತಿ ವರ್ಷ ಒಡೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರು ಹೇಳಿದ್ದನ್ನು ನಕ್ಷೆಯ ಮೇಲೆಯೇ ಗುರುತಿಸಿಕೊಳ್ಳಿ.

ಸರ್ವೆ ಮಾಡುವವರಿಗೆ ಗಡಿಕಲ್ಲು ತೋರಿಸಿ ಸುಮ್ಮನಾಗಬೇಡಿ. ಅರ್ಧ ಮೀಟರ್ ಅಂತರದ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಬೇಕು. ಒಂದು ಅಡಿಗಿಂತ ಹೆಚ್ಚು ಸುತ್ತಳತೆಯ ಪ್ರತಿ ಮರವೂ ಜಾತಿಯ ಹೆಸರಿನೊಂದಿಗೆ ನಕ್ಷೆಯಲ್ಲಿರಬೇಕು. ಹಳ್ಳ, ಬದು, ಬಂಡೆ, ಹಳೆಯ ಬಾವಿ, ಊರಿನವರು ಓಡಾಡುವ ಕಾಲುದಾರಿ, ಹೊಲದ ನಡುವಿನ ಗುಡಿ, ಕಟ್ಟೆ ಇವೂ ದಾಖಲಾಗಬೇಕು. ಇಷ್ಟು ಕೈಯಲ್ಲಿಲ್ಲದೆ ಆರ್ಕಿಟೆಕ್ಟ್ ಪೆನ್ಸಿಲ್ ಹಿಡಿದರೆ ಅವರು ಖಾಲಿ ಹಾಳೆಯ ಮೇಲೆ ಬರೆಯುತ್ತಿದ್ದಾರೆ ಎಂದರ್ಥ. ಖಾಲಿ ನೆಲ ಎಂಬುದು ಎಲ್ಲೂ ಇಲ್ಲ.

ಧಾರವಾಡದ ಸುತ್ತಮುತ್ತ ಇದರ ಮಹತ್ವ ಇನ್ನೂ ಹೆಚ್ಚು. ಊರು ಕೂತಿರುವುದೇ ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ಇಳಿಜಾರಿನ ನೀರು ಬೆಣ್ಣಿಹಳ್ಳಕ್ಕೆ ಬಿದ್ದು, ಮಲಪ್ರಭೆ ಸೇರಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಂಥ ನೆತ್ತಿಯ ಮೇಲಿನ ಆವರಣದಲ್ಲಿ ಬಿದ್ದ ಮಳೆ ಹಿಡಿದಿಡದಿದ್ದರೆ ಮೇಲಿಂದ ಹರಿದು ಬರುವ ನೀರು ಬೇರೆ ಇರುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ನಿಂತಿರುವ ಗುಡ್ಡವನ್ನು ಹಿಂದಿನವರು ಛೋಟಾ ಮಹಾಬಳೇಶ್ವರ ಎನ್ನುತ್ತಿದ್ದರು. ಗುಡ್ಡವನ್ನು ಗುಡ್ಡವಾಗಿಯೇ ಉಳಿಸಿಕೊಂಡು ಅದರ ಮೇಲೆ ಮುಖ್ಯ ಕಟ್ಟಡವನ್ನು ಇಟ್ಟಿದ್ದರಿಂದಲೇ ಅದಕ್ಕೆ ಆ ಗಾಂಭೀರ್ಯ ಬಂದಿದೆ. ಅದನ್ನು ಕಡಿದು ಮೈದಾನ ಮಾಡಿದ್ದರೆ ಅಲ್ಲಿಯೂ ಎಲ್ಲೆಡೆ ಕಾಣುವಂಥ ಒಂದು ದೊಡ್ಡ ಕಟ್ಟಡ ಇರುತ್ತಿತ್ತು, ಅಷ್ಟೇ.

ಎರಡನೇ ಹೆಜ್ಜೆ: ಎರೆಯೋ, ಮಸಾರಿಯೋ?

ಧಾರವಾಡದ ಪಶ್ಚಿಮಕ್ಕೆ ಮಸಾರಿ ಎನ್ನುವ ಕೆಂಪು ನೆಲ, ಕೆಳಗೆ ಗರಸು ಎನ್ನುವ ಗಟ್ಟಿ ಕಲ್ಲುಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದರೆ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಹಾವೇರಿಯಲ್ಲಿ ಎರಡೂ ಇವೆ, ಕೆಲವೊಮ್ಮೆ ಒಂದೇ ಜಾಗದಲ್ಲಿ. ಹಾಗಾಗಿ ಆವರಣದ ತುಂಬ ಅಲ್ಲಲ್ಲಿ ಗುಂಡಿ ತೋಡಿಸಿ, ಎರೆಯ ಪದರ ಎಷ್ಟು ಆಳ, ಗರಸು ಎಲ್ಲಿ ಸಿಗುತ್ತದೆ ಎಂದು ನೋಡಿ. ಗರಸು ಮೇಲಿರುವ ಕಡೆ ಭಾರದ ಕಟ್ಟಡಗಳು. ಆಳವಾದ ಎರೆ ಇರುವ ಕಡೆ ಆಟದ ಮೈದಾನ, ತೋಟ, ಪ್ರಯೋಗದ ಹೊಲ, ಕೆರೆ. ಈ ಒಂದು ಹಂಚಿಕೆಯಿಂದ ಪಾಯದ ಖರ್ಚು ಬಹಳ ಉಳಿಯುತ್ತದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎರೆಯ ಮೇಲೆ ಅವಸರದಲ್ಲಿ ಕಟ್ಟಿದ ಗೋಡೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕಿಟಕಿಯ ಮೂಲೆಯಿಂದ ಬಿರುಕು ಓರೆಯಾಗಿ ಮೇಲೇರಿರುತ್ತದೆ, ಏಪ್ರಿಲ್‌ನಲ್ಲಿ ಅದರೊಳಗೆ ನಾಣ್ಯ ತೂರಿಸಬಹುದು, ಸೆಪ್ಟೆಂಬರ್ ಹೊತ್ತಿಗೆ ಅದು ಕೂದಲೆಳೆಯಷ್ಟಾಗಿರುತ್ತದೆ. ಪ್ರತಿ ವರ್ಷ ಸಿಮೆಂಟು ಮೆತ್ತಿ ಬಣ್ಣ ಹೊಡೆದರೂ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಅನಿವಾರ್ಯವಾಗಿ ಎರೆಯ ಮೇಲೆಯೇ ಕಟ್ಟಬೇಕಾದರೆ ಅಡಿಭಾಗ ಉಬ್ಬಿದ ಪೈಲ್ ಪಾಯದ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳ) ಬಗ್ಗೆ ನಿಮ್ಮ ಎಂಜಿನಿಯರ್ ಜೊತೆ ಮಾತಾಡಿ. ಅದರ ಜೊತೆಗೆ ಭೂದೃಶ್ಯದ, ಅಂದರೆ ಕಟ್ಟಡದ ಸುತ್ತಲಿನ ನೆಲ, ನೀರು, ಗಿಡಗಳ ಕೆಲಸವೂ ಇಲ್ಲಿ ಪಾಯದ ಕೆಲಸವೇ ಆಗುತ್ತದೆ ಎಂಬುದನ್ನು ಮರೆಯಬೇಡಿ. ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಬೇಡಿ, ಏಕೆಂದರೆ ದಿನವೂ ಹಾಕುವ ನೀರು ಪಾಯದ ಒಂದೇ ಮಗ್ಗುಲನ್ನು ಉಬ್ಬಿಸುತ್ತದೆ. ಕಟ್ಟಡದ ಸುತ್ತ ಎರಡು ಮೀಟರ್ ಅಗಲ ಫರಸಿ ಹಾಸಿ, ಹೊರಗೆ ಇಳಿಜಾರು ಕೊಡಿ. ದೊಡ್ಡ ಮರ ನೆಡುವಾಗ, ಅದು ಬೆಳೆದು ನಿಂತಾಗ ಎಷ್ಟು ಎತ್ತರವಾಗುತ್ತದೋ ಕಡೇ ಪಕ್ಷ ಅಷ್ಟು ದೂರ ಬಿಡಿ. ಬೇರು ಮಣ್ಣಿನ ತೇವ ಹೀರಿದಷ್ಟೂ ಎರೆ ಕುಗ್ಗುತ್ತದೆ. ಆಲ, ಬಸರಿಗಳಿಗೆ ಇನ್ನೂ ಹೆಚ್ಚು ದೂರ ಬೇಕು. ಗರಸಿನ ನೆಲದಲ್ಲಿ ಈ ಭಯವಿಲ್ಲ, ಐದಾರು ಮೀಟರ್ ಸಾಕು.

ಮೂರನೇ ಹೆಜ್ಜೆ: ನೀರಿನ ದಾರಿ ಬರೆಯಿರಿ

ನನ್ನ ಮಟ್ಟಿಗೆ ಇದೇ ಆವರಣ ಯೋಜನೆಯ ಬೆನ್ನೆಲುಬು. ನಕ್ಷೆಯ ಮೇಲೆ ನೀಲಿ ಪೆನ್ಸಿಲ್ ಹಿಡಿದು ಹಳ್ಳ ಮತ್ತು ಸಣ್ಣ ಸರುವುಗಳನ್ನೆಲ್ಲ ಎಳೆಯಿರಿ. ಮುಖ್ಯ ಹಳ್ಳದ ಎರಡೂ ದಡದಲ್ಲಿ 15 ಮೀಟರ್ ಜಾಗ ಮುಟ್ಟಬೇಡಿ. ಆ ಹಸಿರು ಪಟ್ಟಿಯೇ ಮುಂದೆ ಆವರಣದ ಮುಖ್ಯ ನಡಿಗೆಯ ದಾರಿಯಾಗುತ್ತದೆ, ವಿಭಾಗಗಳ ನಡುವಿನ ಗಡಿಯಾಗುತ್ತದೆ, ಹಕ್ಕಿಗಳ ಮನೆಯಾಗುತ್ತದೆ. ಹಳ್ಳವನ್ನು ಕಾಂಕ್ರೀಟ್ ಗಟಾರ ಮಾಡಿದರೆ ಈ ಮೂರೂ ಕೈಬಿಡುತ್ತವೆ, ಜೊತೆಗೆ ಮಳೆನೀರು ಕೆಳಗಿನ ಹೊಲದವರ ಮೇಲೆ ನುಗ್ಗುತ್ತದೆ.

ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 750 ಮಿ.ಮೀ. ಎಂದಿಟ್ಟುಕೊಳ್ಳಿ. 1,000 ಚದರ ಮೀಟರ್ ಚಾವಣಿಯಿಂದ, ಐದನೇ ಒಂದು ಪಾಲು ನಷ್ಟ ಕಳೆದರೂ, 6 ಲಕ್ಷ ಲೀಟರ್ ನೀರು ಸಿಗುತ್ತದೆ. ಗದಗದಲ್ಲಿ ಮಳೆ 600 ಮಿ.ಮೀ. ಆಸುಪಾಸು, ಅಲ್ಲಿ ಇದು 4.8 ಲಕ್ಷ ಲೀಟರ್. ಈಗ ಹುಲ್ಲುಹಾಸಿನ ಲೆಕ್ಕ ನೋಡಿ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು, ಒಂದು ಎಕರೆಗೆ 20 ಸಾವಿರ ಲೀಟರ್. ಅಂದರೆ ಧಾರವಾಡದ ಆ ಚಾವಣಿ ಇಡೀ ವರ್ಷ ಕೂಡಿಟ್ಟ ನೀರನ್ನು ಒಂದು ಎಕರೆ ಹುಲ್ಲು ಒಂದೇ ತಿಂಗಳಲ್ಲಿ ಕುಡಿದು ಮುಗಿಸುತ್ತದೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ನಳದ ನೀರಿಗಾಗಿ ದಿನ ಎಣಿಸಿದ ಕಾಲವನ್ನು ನಾವು ಮರೆತಿಲ್ಲ. ಆಡಳಿತ ಕಟ್ಟಡದ ಮುಂದೆ ಒಂದು ಸಣ್ಣ ಹುಲ್ಲುಹಾಸು ಇರಲಿ, ಉಳಿದ ಕಡೆ ಮರದಡಿಯ ನೆಲ, ಕಾಡುಹುಲ್ಲು, ಫರಸಿ ಹಾಸಿದ ಅಂಗಳ ಸಾಕು.

ನೀರನ್ನು ಹಿಡಿಯುವ ಬಗೆ ಮಣ್ಣಿಗೆ ತಕ್ಕಂತೆ ಬದಲಾಗಬೇಕು. ಗರಸಿನ ನೆಲದಲ್ಲಿ ಇಂಗುಗುಂಡಿ, ಸಮೋನ್ನತ ಬದು, ಹಳ್ಳಕ್ಕೆ ಅಡ್ಡವಾಗಿ ಸಣ್ಣ ಸಣ್ಣ ಕಲ್ಲಿನ ತಡೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಎರೆಯಲ್ಲಿ ಇಂಗುಗುಂಡಿ ತೋಡಿದರೆ ನೀರು ಒಳಗಿಳಿಯದೆ ಅಲ್ಲೇ ಕೊಳೆಯುತ್ತದೆ. ಅಲ್ಲಿ ಬೇಕಾದದ್ದು ಕೆರೆ ಅಥವಾ ದೊಡ್ಡ ಹೊಂಡ. ಎರೆಯ ತಳ ತಾನೇ ನೀರು ಹಿಡಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹಾಸುವ ಅಗತ್ಯವೂ ಬರುವುದಿಲ್ಲ. ಕೆರೆಯನ್ನು ಜಾಗದ ಅತಿ ತಗ್ಗಿನಲ್ಲಿಡಿ, ಹೆಚ್ಚಾದ ನೀರು ಹೋಗಲು ಕಲ್ಲಿನ ಕೋಡಿ ಕಟ್ಟಿ, ಅದು ಹಳೆಯ ಹಳ್ಳದ ದಾರಿಗೇ ಸೇರಲಿ.

ಕೆರೆ ಕಟ್ಟಿದ ಮೇಲೆ ಅದಕ್ಕೆ ತಂತಿಬೇಲಿ ಹಾಕಿ ಮೂಲೆಗೆ ತಳ್ಳಬೇಡಿ. ಗದಗದಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡಿರುವ ಮುಸುಕಿನ ಬಾವಿಯನ್ನು ಒಮ್ಮೆ ನೋಡಿ ಬನ್ನಿ. ಗುಡಿ ಎಲ್ಲಿ ಮುಗಿಯಿತು, ಬಾವಿ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸಿ ನೋಡುವ ಹಾಗಿಲ್ಲ. ನೀರಿಗೆ ಇಳಿಯುವ ಮೆಟ್ಟಿಲೂ ಗೋಡೆಯ ಗೂಡುಗಳೂ ಗುಡಿಯಷ್ಟೇ ನಿಗಾ ವಹಿಸಿ ಕಟ್ಟಿದವು. ಹತ್ತು ಶತಮಾನಗಳ ಹಿಂದೆ ನಮ್ಮ ಬಯಲುಸೀಮೆಯವರು ನೀರನ್ನೂ ಕಟ್ಟಡವನ್ನೂ ಒಂದೇ ಕೆಲಸವೆಂದು ತಿಳಿದಿದ್ದರು. ಗ್ರಂಥಾಲಯವೋ ಬಯಲು ರಂಗಮಂದಿರವೋ ಕೆರೆಯ ಕಡೆ ಮುಖ ಮಾಡಿ, ಮೆಟ್ಟಿಲುಗಳ ಮೂಲಕ ನೀರಿನ ಹತ್ತಿರಕ್ಕೆ ಇಳಿದರೆ ಆ ಕೆರೆಗೆ ಕಸ ಹಾಕುವವರೂ ಕಡಿಮೆಯಾಗುತ್ತಾರೆ.

ನಾಲ್ಕನೇ ಹೆಜ್ಜೆ: ಬಿಸಿಲು, ಗಾಳಿ, ಅಡ್ಡಮಳೆ ನೋಡಿ ಕಟ್ಟಡ ಕೂಡಿಸಿ

ಈಗ ಕಟ್ಟಡದ ಸರದಿ. ನಾವಿರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ನೆತ್ತಿಯ ಮೇಲೆ ನೇರ ಬರುತ್ತಾನೆ. ನಡುವಿನ ದಿನಗಳಲ್ಲಿ ತುಸು ಉತ್ತರಕ್ಕೂ ಸರಿಯುತ್ತಾನೆ. ಇದರಿಂದ ಒಂದು ಒಳ್ಳೆಯ ಅನುಕೂಲವಿದೆ: ಕಟ್ಟಡದ ಉದ್ದನೆಯ ಮುಖಗಳು ಉತ್ತರ ಮತ್ತು ದಕ್ಷಿಣಕ್ಕಿದ್ದರೆ ನೆರಳು ಮಾಡುವುದು ಅಗ್ಗ. ನಾಲ್ಕು ಅಡಿ ಎತ್ತರದ ದಕ್ಷಿಣದ ಕಿಟಕಿಗೆ ಎರಡು ಅಡಿ ಚಜ್ಜಾ ಇದ್ದರೆ ಫೆಬ್ರವರಿ ಮೂರನೇ ವಾರದಿಂದ ಅಕ್ಟೋಬರ್ ಮೂರನೇ ವಾರದವರೆಗೆ ಮಧ್ಯಾಹ್ನದ ಬಿಸಿಲು ಒಳಗೆ ಬರುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಇಣುಕುತ್ತದೆ, ಧಾರವಾಡದ ಚಳಿಗೆ ಅದು ಹಿತವೇ. ಉತ್ತರಕ್ಕೂ ಒಂದು ಗಿಡ್ಡ ಚಜ್ಜಾ ಇರಲಿ.

ಪೂರ್ವ, ಪಶ್ಚಿಮಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಸಂಜೆಯ ಸೂರ್ಯ ಕೆಳಗಿರುತ್ತಾನೆ, ಯಾವ ಚಜ್ಜಾವೂ ಅವನನ್ನು ತಡೆಯದು. ತಡೆಯುವುದು ಮರ ಮಾತ್ರ. ಕಟ್ಟಡದ ಪಶ್ಚಿಮದ ಗಿಡ್ಡ ಗೋಡೆಯನ್ನು ಮೆಟ್ಟಿಲು, ಶೌಚಾಲಯ, ಉಗ್ರಾಣಗಳಿಗೆ ಕೊಟ್ಟು, ಅದರಾಚೆ ಬೇವಿನ ಸಾಲು ನಿಲ್ಲಿಸಿ. ಇಲ್ಲಿ ತೋಟಗಾರನೂ ಆರ್ಕಿಟೆಕ್ಟನೂ ಒಂದೇ ಹಾಳೆಯ ಮೇಲೆ ಬರೆಯಬೇಕು. ಸಾಲು ಎಷ್ಟು ದೂರ, ಕೊಂಬೆ ಎಷ್ಟು ಎತ್ತರದಿಂದ ಶುರುವಾಗಬೇಕು ಎಂಬುದನ್ನು ಕಿಟಕಿಯ ಎತ್ತರವೇ ತೀರ್ಮಾನಿಸುತ್ತದೆ.

ಮುಂಗಾರಿನ ಮಳೆ ನಮಗೆ ಪಶ್ಚಿಮ ಮತ್ತು ನೈಋತ್ಯದಿಂದ ಓರೆಯಾಗಿ ಬರುತ್ತದೆ. ಪೂರ್ತಿ ಗಾಜಿನ ಮುಖದ ಕಟ್ಟಡ ಇಲ್ಲಿ ಎರಡು ಸಲ ಸೋಲುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ, ಶ್ರಾವಣದಲ್ಲಿ ಸೋರುತ್ತದೆ. ಅಗಲವಾದ ಪಡಸಾಲೆ ಇವೆರಡಕ್ಕೂ ಉತ್ತರ. ತರಗತಿಗಳ ದಕ್ಷಿಣಕ್ಕೆ ಕನಿಷ್ಠ ಎಂಟು ಅಡಿ ಅಗಲದ ಪಡಸಾಲೆ ಇಟ್ಟರೆ ಗೋಡೆ ನೆನೆಯುವುದಿಲ್ಲ, ಓಡಾಟಕ್ಕೆ ನೆರಳು ಸಿಗುತ್ತದೆ, ಪಾಠ ಮುಗಿದ ಮೇಲೆ ನಿಂತು ಮಾತಾಡಲು ಜಾಗವಾಗುತ್ತದೆ. ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ವಿನ್ಯಾಸ ಮಾಡಿದ ಬೆಂಗಳೂರಿನ ಐಐಎಂನಲ್ಲಿ ಇದನ್ನು ಕಾಣಬಹುದು. ಅಲ್ಲಿನ ಉದ್ದನೆಯ ಕಲ್ಲಿನ ಪಡಸಾಲೆಗಳ ಮೇಲೆ ಅಲ್ಲಲ್ಲಿ ತೊಲೆಗಳನ್ನಷ್ಟೇ ಇಟ್ಟು ಬಳ್ಳಿ ಹಬ್ಬಿಸಿದ್ದಾರೆ. ನಡೆಯುತ್ತ ಹೋದಂತೆ ಬೆಳಕು, ನೆರಳು, ಅಂಗಳ ಒಂದರ ಹಿಂದೆ ಒಂದು ಬರುತ್ತವೆ. ಅವರ ಕಪ್ಪುಬೂದು ಕಲ್ಲನ್ನು ನಕಲು ಮಾಡಬೇಕಿಲ್ಲ. ನಮ್ಮಲ್ಲಿ ಶಹಾಬಾದ್ ಫರಸಿ ಇದೆ, ಊರ ಪಕ್ಕದ ಕ್ವಾರಿಯ ಕಲ್ಲಿದೆ, ಹಂಚಿದೆ.

ಗದಗದ ಕಡೆ ಒಂದು ಮಾತು ಬೇರೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ, ಆಷಾಢದ ಗಾಳಿ ಅಲ್ಲಿ ಧೂಳೆಬ್ಬಿಸಿ ಬೀಸುತ್ತದೆ. ಅಂಥ ಜಾಗದಲ್ಲಿ ಬಿಡಿಬಿಡಿಯಾಗಿ ಕಟ್ಟಡ ಚೆಲ್ಲುವುದಕ್ಕಿಂತ ಒಳ ಅಂಗಳದ ಸುತ್ತ ಕಟ್ಟುವುದು ಮೇಲು. ಪಶ್ಚಿಮದ ಗಡಿಯಲ್ಲಿ ಎರಡು ಮೂರು ಸಾಲು ಮರ ನೆಟ್ಟು ಗಾಳಿಯನ್ನು ಮೇಲಕ್ಕೆತ್ತಿ. ಪಾಗಾರದ ಗೋಡೆ ಎತ್ತರಿಸಿದರೆ ಗಾಳಿ ಅದನ್ನು ಹಾರಿ ಒಳಗೆ ಸುಳಿಯಾಗಿ ಬೀಳುತ್ತದೆ. ಮರದ ಸಾಲು ಅದನ್ನು ಸೋಸಿ ಬಿಡುತ್ತದೆ.

ಐದನೇ ಹೆಜ್ಜೆ: ಬಸ್ ನಿಲ್ದಾಣದಿಂದ ತರಗತಿವರೆಗೆ

ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಬರುತ್ತಾರೆ, ಗೇಟಿನಲ್ಲಿ ಇಳಿದು ನಡೆಯುತ್ತಾರೆ. ಆದರೂ ಮೊದಲ ನೆರಳು ಸಿಗುವುದು ಕಾರು ನಿಲ್ಲಿಸುವ ಜಾಗಕ್ಕೆ. ಇದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಗೇಟಿನಿಂದ ತರಗತಿಗೆ ಹೋಗುವ ಕಾಲುದಾರಿಯೇ ಆವರಣದ ಮೊದಲ ಮರದ ಸಾಲಿಗೆ ಹಕ್ಕುದಾರ.

ಐದು ನಿಮಿಷದ ನಡಿಗೆ ಎಂದರೆ ಸುಮಾರು 400 ಮೀಟರ್. ತರಗತಿ, ಗ್ರಂಥಾಲಯ, ಊಟದ ಮನೆ ಈ ವೃತ್ತದೊಳಗಿರಲಿ, ವಾಹನದ ರಸ್ತೆ ಹೊರಗೆ ಸುತ್ತಿಕೊಂಡು ಹೋಗಲಿ. ಕಾಲುದಾರಿಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮೋನ್ನತ ರೇಖೆಯ ಜೊತೆ ಎಳೆದರೆ ಏರು ಕಡಿಮೆ. ಎಲ್ಲ ಮುಖ್ಯ ದಾರಿಗಳೂ ಗಾಲಿಕುರ್ಚಿಗೆ ಒದಗಬೇಕು: 20 ಅಡಿಗೆ ಒಂದು ಅಡಿ ಏರಿದ್ದರೆ ಒಳ್ಳೆಯದು, ರ‍್ಯಾಂಪ್‌ನಲ್ಲಿ ಕೂಡ 12 ಅಡಿಗೆ ಒಂದು ಅಡಿಗಿಂತ ಕಡಿದಾಗಬಾರದು. ಎಲ್ಲ ದಾರಿಗಳಿಗೂ ಮೊದಲ ವರ್ಷವೇ ಕಲ್ಲು ಹಾಸಬೇಡಿ. ಮುಖ್ಯವಾದವನ್ನು ಹಾಸಿ, ಉಳಿದ ಕಡೆ ಹುಡುಗರು ಎಲ್ಲಿ ತುಳಿದು ದಾರಿ ಮಾಡಿಕೊಳ್ಳುತ್ತಾರೆ ಎಂದು ಒಂದು ವರ್ಷ ನೋಡಿ ಆಮೇಲೆ ಹಾಸಿ. ಬೇಲಿ ಹಾಕಿ ಅವರನ್ನು ತಡೆಯುವುದಕ್ಕೆ ಖರ್ಚು ಮಾಡುವ ಹಣವನ್ನು ಫರಸಿಗೆ ಹಾಕಿ.

ಆರನೇ ಹೆಜ್ಜೆ: ಇರುವ ಮರ ಉಳಿಸಿ, ಬೇಕಾದ ಮರ ನೆಡಿ

ಹಳೆಯ ಮರಕ್ಕೆ ಕೊಡಲಿ ಹಾಕದಿದ್ದರೂ ಅದನ್ನು ಕೊಲ್ಲಬಹುದು. ನೆಲ ಸಮ ಮಾಡುವಾಗ ಬುಡಕ್ಕೆ ಒಂದು ಅಡಿ ಮಣ್ಣು ಏರಿಸಿದರೆ ಬೇರಿಗೆ ಗಾಳಿ ಸಿಗದೆ ಮರ ಎರಡು ಮೂರು ವರ್ಷಗಳಲ್ಲಿ ತುದಿಯಿಂದ ಒಣಗುತ್ತ ಬರುತ್ತದೆ. ಆಗ ಯಾರಿಗೂ ಕಾರಣ ಹೊಳೆಯುವುದಿಲ್ಲ. ಕಟ್ಟೆ ಕಟ್ಟುವಾಗಲೂ ಇದೇ ಎಚ್ಚರ ಬೇಕು. ಕಾಂಡದಿಂದ ಐದಾರು ಅಡಿ ದೂರದಲ್ಲಿ ಕಟ್ಟೆಯ ಕಲ್ಲು ಕೂಡಿಸಿ, ಒಳಗಿನ ಮಣ್ಣು ಮೊದಲಿದ್ದ ಮಟ್ಟದಲ್ಲೇ ಇರಲಿ, ಸಿಮೆಂಟು ಬೇಡವೇ ಬೇಡ. ಒಂದೂವರೆ ಅಡಿ ಎತ್ತರ, ಎರಡು ಅಡಿ ಅಗಲ ಇದ್ದರೆ ಕೂರಲು ಹಿತ, ಬುತ್ತಿ ಬಿಚ್ಚಿ ಊಟ ಮಾಡಲೂ ಹಿತ. ಕಟ್ಟಡ ಕಟ್ಟುವ ಎರಡು ವರ್ಷ ಮರದ ಕೊಂಬೆಗಳ ಹರವಿನಷ್ಟು ಜಾಗಕ್ಕೆ ಬೇಲಿ ಹಾಕಿ, ಅಲ್ಲಿ ಕಬ್ಬಿಣ, ಮರಳು ಸುರಿಯಲು ಬಿಡಬೇಡಿ.

ಹೊಸ ಮರ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಏಪ್ರಿಲ್-ಮೇ ತಿಂಗಳಲ್ಲಿ ಇದಕ್ಕೆ ಎಲೆ ಇರುತ್ತದೆಯೇ? ಬೇವು, ಹೊಂಗೆ ಎಲೆ ಉದುರಿಸಿದರೂ ಬೇಸಿಗೆ ಏರುವ ಮೊದಲೇ ಚಿಗುರಿ ನಿಲ್ಲುತ್ತವೆ. ಗುಲ್‌ಮೊಹರ್ ಹೂ ಚೆಂದ, ಆದರೆ ಬಿಸಿಲಿನ ದಿನಗಳಲ್ಲಿ ನೆರಳು ತೆಳು, ಕೊಂಬೆ ಗಾಳಿಗೆ ಮುರಿಯುತ್ತದೆ, ದಾರಿಯ ಪಕ್ಕಕ್ಕೆ ಬೇಡ. ದಾರಿಗಳಿಗೆ ಬೇವು, ಹೊಂಗೆ. ಮೈದಾನದ ಅಂಚಿಗೆ, ದೊಡ್ಡ ಅಂಗಳಗಳಿಗೆ ಹುಣಸೆ, ಆಲ, ಬಸರಿ. ಕೆರೆ ಮತ್ತು ಹಳ್ಳದ ದಡಕ್ಕೆ ನೇರಳೆ, ಹೊಳೆಮತ್ತಿ. ಮೂಲೆಯ ಬಂಜರಿಗೆ ಮುತ್ತುಗ, ಕಕ್ಕೆ. ನೀಲಗಿರಿ, ಅಕೇಶಿಯಾ ಬೇಗ ಬೆಳೆಯುತ್ತವೆ ಎಂಬ ಒಂದೇ ಕಾರಣಕ್ಕೆ ತರಬೇಡಿ. ಬನ್ನಿ ಒಂದಾದರೂ ಇರಲಿ, ದಸರೆಗೆ ಊರವರೂ ಒಳಗೆ ಬರುತ್ತಾರೆ.

ಕಟ್ಟಡಗಳು ಹಂತ ಹಂತವಾಗಿ ಏಳುತ್ತವೆ, ಹತ್ತು ಹದಿನೈದು ವರ್ಷ ಹಿಡಿಯುತ್ತವೆ. ಮರಗಳನ್ನು ಹಾಗೆ ಹಂತ ಮಾಡಬೇಡಿ. ಮುಂದೆ ಬರಲಿರುವ ರಸ್ತೆಗಳ ಗೆರೆಯನ್ನು ಈಗಲೇ ಗೂಟ ಹೊಡೆದು ಗುರುತಿಸಿ, ಮೊದಲ ವರ್ಷವೇ ಇಡೀ ಆವರಣದ ಸಾಲುಮರ ನೆಡಿ. ಮೂರನೇ ಹಂತದ ಕಟ್ಟಡಕ್ಕೆ ಪಾಯ ತೋಡುವ ಹೊತ್ತಿಗೆ ಅಲ್ಲಿ ಕೆಲಸಗಾರರಿಗೆ ನೆರಳಿರುತ್ತದೆ.

ಕೊನೆಗೆ, ಹಣ ಮತ್ತು ಕರಾರು

ಭೂದೃಶ್ಯದ ವಿನ್ಯಾಸಕಾರರನ್ನು ಆರ್ಕಿಟೆಕ್ಟ್ ನೇಮಕವಾದ ದಿನವೇ ನೇಮಿಸಿ, ಇಬ್ಬರಲ್ಲಿ ಒಬ್ಬರ ಸಹಿ ಇಲ್ಲದಿದ್ದರೂ ಆ ಮಾಸ್ಟರ್ ಪ್ಲಾನ್ ಅನ್ನು ಮಂಡಳಿ ಅಂಗೀಕರಿಸಬಾರದು. ಗಿಡ, ಕೆರೆ, ಕಾಲುದಾರಿಗಳ ಹಣ ಅಂದಾಜುಪಟ್ಟಿಯಲ್ಲಿ ಬೇರೆ ಶೀರ್ಷಿಕೆಯಡಿ ಇರಲಿ. ಕಟ್ಟಡದ ಖರ್ಚು ಹೆಚ್ಚಾದಾಗ ಅದಕ್ಕೆ ಕೈ ಹಾಕುವಂತಿರಬಾರದು.

ನೆಡುವ ಗುಂಡಿಗಳನ್ನು ಏಪ್ರಿಲ್‌ನಲ್ಲೇ ಮೂರು ಅಡಿ ಉದ್ದ, ಅಗಲ, ಆಳ ತೋಡಿ ಬಿಸಿಲಿಗೆ ಬಿಡಿ. ಗರಸಿನ ನೆಲವಾದರೆ ತಿಪ್ಪೆಗೊಬ್ಬರದ ಜೊತೆ ಒಂದಿಷ್ಟು ಎರೆಮಣ್ಣು ಬೆರೆಸಿ ತುಂಬಿ. ಜೂನ್‌ನಲ್ಲಿ ಒಂದೆರಡು ಹದವಾದ ಮಳೆ ಬಿದ್ದ ಮೇಲೆ, 14×20 ಅಂಗುಲದ ಚೀಲದಲ್ಲಿ ಬೆಳೆದ ಸಸಿಗಳನ್ನು ನೆಡಿ. ಹತ್ತಕ್ಕೆ ಒಂದರಂತೆ ಅದೇ ವಯಸ್ಸಿನ ಹೆಚ್ಚುವರಿ ಸಸಿಗಳನ್ನು ಆವರಣದ ನರ್ಸರಿಯಲ್ಲಿ ಇಟ್ಟುಕೊಳ್ಳಿ, ಸತ್ತ ಕಡೆ ತುಂಬಿದಾಗ ಸಾಲು ಏರುಪೇರಾಗುವುದಿಲ್ಲ. ಗುತ್ತಿಗೆದಾರರ ಕರಾರಿನಲ್ಲಿ ಮೂರು ಬೇಸಿಗೆ ನೀರುಣಿಸುವ ಹೊಣೆ ಸೇರಿಸಿ. ಹಣದ ಕೊನೆಯ ಕಂತನ್ನು ಮೂರನೇ ಬೇಸಿಗೆ ಕಳೆದ ಮೇಲೆ, ಜೂನ್‌ನಲ್ಲಿ ಬದುಕಿರುವ ಮರಗಳನ್ನು ಸ್ಥಳದಲ್ಲೇ ಎಣಿಸಿ ಕೊಡಿ.